ಮೂಗಿಗಿಂತ ಮೂಗುತಿ ಭಾರ ಆಗಬಾರದಲ್ವೇ?

ಬೆಳಗಿನ ಆರು ಗಂಟೆ. ಹಾಲು ಒಲೆಯ ಮೇಲಿಟ್ಟು, ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು ಒಳಗೆ ಬರುವಷ್ಟರಲ್ಲಿ ಶುರು. ಒಂದು, ಎರಡು, ಮೂರು ಅಂತ ಎಣಿಸುತ್ತಾ ಹೋದರೆ ಹತ್ತು ಹನ್ನೆರಡು ಸೀನು. ಕಣ್ಣಲ್ಲೂ ನೀರು, ಮೂಗಲ್ಲೂ ನೀರು. ಅಷ್ಟರಲ್ಲಿ ಹಾಲು ಉಕ್ಕಿ ಒಲೆ ತುಂಬಾ ಹರಿದಿರುತ್ತೆ. "ಏನಮ್ಮಾ, ಮತ್ತೆ ನೆಗಡೀನಾ?" ಅಂತ ಮಕ್ಕಳು ಹಾಸಿಗೆಯಿಂದಲೇ ಕೂಗುತ್ತಾರೆ. ನೆಗಡಿಯಲ್ಲ, ಇದು ಅಲರ್ಜಿ. ಹೇಳದೆ ಕೇಳದೆ ಬಂದು ತಿಂಗಳುಗಟ್ಟಲೆ ಠಿಕಾಣಿ ಹೂಡುವ ನೆಂಟ. ನಿಮ್ಮ ಮನೆಯಲ್ಲೂ ಇದೇ ಕತೆ ತಾನೇ?

ಅಜ್ಜಂಪುರದಿಂದ ನಮ್ಮ ಅತ್ತಿಗೆ ಮೊನ್ನೆ ಫೋನ್ ಮಾಡಿದ್ದರು. ಮಾತಿಗಿಂತ ಸೀನೇ ಹೆಚ್ಚು. "ಡಾಕ್ಟ್ರು ಮೂಗಿಗೆ ಸ್ಪ್ರೇ ಬರೆದುಕೊಟ್ಟು ತಿಂಗಳಾಯ್ತು ಕಣೇ. ನಾನಿನ್ನೂ ತಗೊಂಡಿಲ್ಲ. ಅಮೆರಿಕದಲ್ಲಿರೋ ನಮ್ಮ ಚಿಕ್ಕಮ್ಮನ ಮಗಳು ಹೇಳಿದ್ಲು, ಇನ್ನೇನು ಜೆನೆರಿಕ್ ಬರುತ್ತಂತೆ, ಬೆಲೆ ಇಳಿಯುತ್ತಂತೆ, ಇನ್ಶೂರೆನ್ಸಲ್ಲೂ ಸಿಗುತ್ತಂತೆ. ಅಲ್ಲೀವರೆಗೂ ತಡ್ಕೊಳ್ಳೋಣ ಅಂತ" ಅಂದರು.

"ಅಲ್ಲೀವರೆಗೂ ಏನ್ ಮಾಡ್ತಿದೀರಾ ಅತ್ತಿಗೆ?" ಅಂದೆ.

"ಮೆಡಿಕಲ್ ಶಾಪಲ್ಲಿ ಒಂದು ಮೂಗಿನ ಹನಿ ಸಿಗುತ್ತಲ್ಲ, ಅದನ್ನೇ ಬಿಟ್ಕೊಳ್ತಿದೀನಿ. ಅಗ್ಗ. ಬಿಟ್ಟ ತಕ್ಷಣ ಮೂಗು ಬಿಡುತ್ತೆ. ಇಪ್ಪತ್ತು ದಿನ ಆಯ್ತು ನೋಡು."

ಫೋನಿಟ್ಟ ಮೇಲೆ ಯೋಚಿಸಿದೆ. ಅತ್ತಿಗೆಯ ನಾಲ್ಕು ಮಾತಿನಲ್ಲಿ ಮೂರು ತಪ್ಪು ಲೆಕ್ಕ ಇದ್ದವು. ಬರಲಿದೆ ಅಂತ ಕಾಯ್ತಿರೋ ಜೆನೆರಿಕ್ ಇಲ್ಲಿಗೆ ಬಂದು ಎಷ್ಟೋ ವರ್ಷವಾಗಿದೆ. ಸಿಗುತ್ತೆ ಅಂದುಕೊಂಡ ಇನ್ಶೂರೆನ್ಸ್ ಈ ಖರ್ಚಿಗೆ ಸಾಮಾನ್ಯವಾಗಿ ಸಿಗೋದಿಲ್ಲ. ಇನ್ನು ಅಗ್ಗ ಅಂತ ಬಿಟ್ಟುಕೊಳ್ಳುತ್ತಿರುವ ಹನಿಯೇ ಕೊನೆಗೆ ದುಬಾರಿ. ಒಂದೊಂದಾಗಿ ನೋಡೋಣ ಬನ್ನಿ.

ನಮ್ಮ ಊರು, ನಮ್ಮ ಧೂಳು

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಚಿಕ್ಕಮಗಳೂರು ಜಿಲ್ಲೆಯವೇ. ಚಿಕ್ಕಮಗಳೂರು ಅಂದರೆ ಹೊರಗಿನವರಿಗೆ ಮಂಜು, ಕಾಫಿ, ಗಿರಿ. ನಮ್ಮದು ಹಾಗಲ್ಲ ಅಂತ ನಮಗೇ ಗೊತ್ತು. ಕಡೂರು ಬಯಲುಸೀಮೆ, ರಾಗಿ, ತೆಂಗು, ಬೇಸಿಗೆಯ ಕೆಂಧೂಳು. ತರೀಕೆರೆ ಮಲೆನಾಡಿನ ಬಾಗಿಲು; ಅಡಿಕೆ ಸುಲಿದು ಬೇಯಿಸಿ ಒಣಗಿಸೋ ಕಾಲಕ್ಕೆ ಓಣಿ ಓಣಿಯಲ್ಲೂ ಅದರದ್ದೇ ವಾಸನೆ, ಅದರದ್ದೇ ಪುಡಿ. ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರದಲ್ಲಿ ಈರುಳ್ಳಿ ಕಾಲ ಬಂತೆಂದರೆ ಸಿಪ್ಪೆ ಗಾಳಿಯಲ್ಲೇ ಹಾರಾಡುತ್ತೆ. ತುಮಕೂರು–ಶಿವಮೊಗ್ಗ ಹೆದ್ದಾರಿ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದು ದಾರಿಯುದ್ದಕ್ಕೂ ಎಬ್ಬಿಸಿದ ಧೂಳು ಬೇರೆ. ಮಳೆ ಬಿದ್ದ ಮೇಲೆ ಖಾಲಿ ಸೈಟುಗಳ ತುಂಬ ಕಾಂಗ್ರೆಸ್ ಗಿಡ. ಅದರ ಪರಾಗ ಹಲವರಿಗೆ ಆಗೋದೇ ಇಲ್ಲ.

ಹೊರಗಿನ ಧೂಳಾದರೂ ಗಂಡಸರಿಗೆ ಹೆಂಗಸರಿಗೆ ಒಂದೇ. ಮನೆಯೊಳಗಿನದು? ಗೌರಿ ಹಬ್ಬ, ದೀಪಾವಳಿ, ಯುಗಾದಿ ಬಂತೆಂದರೆ ಅಟ್ಟದ ಪಾತ್ರೆ ಇಳಿಸೋದು, ಜೇಡ ಹೊಡೆಯೋದು, ಹಾಸಿಗೆ ಝಾಡಿಸೋದು ಯಾರ ಕೆಲಸ ಹೇಳಿ? ಹಾಸಿಗೆ ದಿಂಬಿನಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳುಗಳಿರುತ್ತವೆ. ಅಲರ್ಜಿಗೆ ಬಹು ದೊಡ್ಡ ಕಾರಣಗಳಲ್ಲಿ ಅವೂ ಒಂದು. ಜತೆಗೆ ಒಗ್ಗರಣೆಯ ಘಾಟು, ಊದುಬತ್ತಿ ಹೊಗೆ. ಹೀಗೆ ಎಲ್ಲ ಧೂಳೂ ಮನೆಯೊಡತಿಯ ಮೂಗನ್ನೇ ಹುಡುಕಿಕೊಂಡು ಬರುತ್ತೆ. ಆದರೆ ತಿಂಗಳ ಖರ್ಚಿನಲ್ಲಿ ಮೊದಲು ಕತ್ತರಿ ಬೀಳೋದೂ ಆ ಮೂಗಿನ ಔಷಧಕ್ಕೇ! ಮಾವನವರ ಬಿ.ಪಿ. ಮಾತ್ರೆ ತಪ್ಪೋದಿಲ್ಲ, ಮಕ್ಕಳ ಟಾನಿಕ್ ತಪ್ಪೋದಿಲ್ಲ. "ನಂದೇನು, ಬರೀ ಸೀನು ತಾನೇ" ಅಂದುಬಿಡ್ತೀವಿ.

ಬರೀ ಸೀನಲ್ಲ ಅದು. ರಾತ್ರಿ ಮೂಗು ಕಟ್ಟಿದರೆ ನಿದ್ದೆ ಇಲ್ಲ, ನಿದ್ದೆ ಇಲ್ಲದಿದ್ದರೆ ಮರುದಿನ ತಲೆನೋವು, ಸಿಡುಕು. ಮೂಗಿನ ಅಲರ್ಜಿ ಇರುವ ಕೆಲವರಿಗೆ ಆಸ್ತಮಾ ಕೂಡ ಜತೆಗೇ ಇರುತ್ತೆ. ಮೂಗನ್ನು ನಿರ್ಲಕ್ಷಿಸಿದರೆ ಅದೂ ಹದ ತಪ್ಪಬಹುದು.

ಬರಬೇಕಾದ್ದೇನಿದೆ? ಬಂದಾಗಿದೆ!

ಈಗ ಅತ್ತಿಗೆಯ ಮೊದಲ ಲೆಕ್ಕ. ಜೆನೆರಿಕ್ ಅಂದರೇನು? ಹೊಸ ಔಷಧ ಕಂಡುಹಿಡಿದ ಕಂಪನಿಗೆ 20 ವರ್ಷದ ಪೇಟೆಂಟ್ ಇರುತ್ತೆ. ಅಲ್ಲಿಯವರೆಗೆ ಅದರ ಅಪ್ಪಣೆ ಇಲ್ಲದೆ ಬೇರೆಯವರು ಅದನ್ನು ಮಾಡುವಂತಿಲ್ಲ, ಬೆಲೆಯೂ ಅವರು ಹೇಳಿದ್ದೇ. ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪನಿಗಳೂ ಅದೇ ಔಷಧ ಮಾಡಬಹುದು. ಅದೇ ಜೆನೆರಿಕ್.

ಕಾದರೆ ಲಾಭವಾಗುವ ಔಷಧಗಳು ಇಲ್ಲವೇ ಇಲ್ಲ ಅಂತಲ್ಲ. ಸಕ್ಕರೆ ಕಾಯಿಲೆಯ ಎಂಪಾಗ್ಲಿಫ್ಲೋಜಿನ್ ಮಾತ್ರೆಯನ್ನೇ ನೋಡಿ. 2025ರ ಮಾರ್ಚ್‌ನಲ್ಲಿ ಅದರ ಪೇಟೆಂಟ್ ಭಾರತದಲ್ಲಿ ಮುಗಿಯಿತು. ಒಂದು ಮಾತ್ರೆಗೆ 60 ರೂಪಾಯಿ ಆಸುಪಾಸು ಇದ್ದದ್ದು, ಬೇರೆ ಕಂಪನಿಗಳದ್ದು 10 ರೂಪಾಯಿ ಆಸುಪಾಸಿಗೂ ಅದಕ್ಕಿಂತ ಕಡಿಮೆಗೂ ಸಿಗತೊಡಗಿತು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದು ಇನ್ನೂ ಹಳೇ ಬ್ರಾಂಡನ್ನೇ ತರುತ್ತಿದ್ದರೆ ಒಮ್ಮೆ ಡಾಕ್ಟರನ್ನು ಕೇಳಿ ನೋಡಿ.

ಆದರೆ ಮೂಗಿನ ಸ್ಪ್ರೇ ಕತೆ ಬೇರೆ. ನಮ್ಮ ದೇಶದ 1970ರ ಪೇಟೆಂಟ್ ಕಾಯಿದೆ ಔಷಧಕ್ಕೆ ಪೇಟೆಂಟ್ ಕೊಡುತ್ತಿರಲಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು. ಹೋಳಿಗೆಗೆ ಪೇಟೆಂಟ್ ಇಲ್ಲ, ನಿಮ್ಮ ಮನೆಯ ಹೋಳಿಗೆ ತಟ್ಟುವ ರೀತಿಗೆ ಮಾತ್ರ ಅನ್ನೋ ಹಾಗೆ. ಹಾಗಾಗಿ ನಮ್ಮ ಕಂಪನಿಗಳು ಬೇರೆ ದಾರಿಯಲ್ಲಿ ಅದೇ ಔಷಧ ತಯಾರಿಸಿ ಮಾರಿದವು. ಔಷಧಕ್ಕೇ ಪೇಟೆಂಟ್ ಕೊಡುವ ನಿಯಮ ಬಂದದ್ದು 2005ರ ಜನವರಿ 1ರಿಂದ. ಮೂಗಿಗೆ ಬರೆಯುವ ಬುಡೆಸೊನೈಡ್, ಫ್ಲೂಟಿಕಸೋನ್ ಪ್ರೊಪಿಯೊನೇಟ್, ಮೊಮೆಟಸೋನ್ ಇವೆಲ್ಲ ಅದಕ್ಕಿಂತ ಎಷ್ಟೋ ಹಿಂದಿನವು. ಇವತ್ತು ನಿಮ್ಮೂರಿನ ಮೆಡಿಕಲ್ ಶಾಪಿನ ಕಪಾಟಿನಲ್ಲಿರುವ ಇಂಥ ಸ್ಪ್ರೇಗಳಲ್ಲಿ ಹೆಚ್ಚಿನವು ಬೇರೆ ಬೇರೆ ಹೆಸರು ಹೊತ್ತ ಜೆನೆರಿಕ್‌ಗಳೇ! ಹೆಸರು ಹತ್ತು, ಒಳಗಿನ ಔಷಧ ಒಂದೇ, ಬೆಲೆ ಮಾತ್ರ ಹತ್ತು ತರ.

ಅಮೆರಿಕದ ಲೆಕ್ಕ ಅಲ್ಲಿಗೇ

ಹಾಗಾದರೆ ಚಿಕ್ಕಮ್ಮನ ಮಗಳು ಸುಳ್ಳು ಹೇಳಿದಳೇ? ಇಲ್ಲ. ಅವಳ ಊರಿಗೆ ಅದು ನಿಜ. ಅಲ್ಲಿ ಫ್ಲೂಟಿಕಸೋನ್ ಸ್ಪ್ರೇಗೆ ಜೆನೆರಿಕ್ ಬಂದದ್ದು 2006ರಲ್ಲಿ, ಮೊಮೆಟಸೋನ್‌ಗೆ 2016ರಲ್ಲಿ. ಅಲ್ಲಿನ ವಿಮಾ ಕಂಪನಿಗಳು ಯಾವ ಔಷಧಕ್ಕೆ ಎಷ್ಟು ದುಡ್ಡು ಕೊಡ್ತೀವಿ ಅಂತ ಪಟ್ಟಿ ಇಟ್ಟುಕೊಂಡು ಆಗಾಗ ಬದಲಿಸುತ್ತವೆ. ಜೆನೆರಿಕ್ ಬಂದರೆ ಪಟ್ಟಿಯಲ್ಲಿ ಹಳೆಯದು ಕೆಳಗಿಳಿಯುತ್ತೆ. ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವಂತಾದರೆ ವಿಮೆ ಕೈಬಿಡುವುದೂ ಉಂಟು. ಅದಕ್ಕೇ ಅಲ್ಲಿನವರು ವರ್ಷದ ಶುರುವಿನಲ್ಲೇ ಈ ಲೆಕ್ಕ ಹಾಕುತ್ತಾರೆ.

ಇನ್ನೊಂದು ತಮಾಷೆ ಕೇಳಿ. ಅಜೆಲಸ್ಟಿನ್ ಮತ್ತು ಫ್ಲೂಟಿಕಸೋನ್ ಎರಡನ್ನೂ ಒಂದೇ ಬಾಟಲಿಗೆ ಸೇರಿಸಿದ ಜೋಡಿ ಸ್ಪ್ರೇ 2012ರಲ್ಲಿ ಡೈಮಿಸ್ಟಾ ಅನ್ನೋ ಹೆಸರಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು. ಆ ಜೋಡಿಯನ್ನು ರೂಪಿಸಿದ್ದು ಯಾರು? ನಮ್ಮ ಮುಂಬೈನ ಸಿಪ್ಲಾ ಕಂಪನಿ! 2022ರಲ್ಲಿ ಅಲ್ಲಿ ಒಪ್ಪಿಗೆ ಪಡೆದ ರಯಾಲ್ಟ್ರಿಸ್ ಅನ್ನೋ ಇನ್ನೊಂದು ಜೋಡಿ ಸ್ಪ್ರೇ ಕೂಡ ಮುಂಬೈನದೇ ಆದ ಗ್ಲೆನ್‌ಮಾರ್ಕ್‌ನದ್ದು. ಇಲ್ಲಿನವರು ರೂಪಿಸಿದ ಔಷಧದ ಅಗ್ಗದ ರೂಪ ಯಾವಾಗ ಬರುತ್ತೋ ಅಂತ ಅಲ್ಲಿನವರು ಕಾಯೋದರಲ್ಲಿ ಅರ್ಥವಿದೆ. ಅಜ್ಜಂಪುರದಲ್ಲಿ ಕೂತು ನಾವ್ಯಾಕೆ ಕಾಯಬೇಕು?

ಕಾರ್ಡ್ ಇದೆ, ಆದರೆ ಮೂಗಿಗಲ್ಲ

ಎರಡನೇ ಲೆಕ್ಕ ಇನ್ಶೂರೆನ್ಸ್‌ನದ್ದು. ನಮ್ಮ ಬೀರುವಿನಲ್ಲಿ ಈಗ ಕಾರ್ಡುಗಳಿಗೇನೂ ಕಡಿಮೆಯಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ; ಎಪಿಎಲ್ ಕುಟುಂಬವಾದರೆ ನಿಗದಿತ ಚಿಕಿತ್ಸಾ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ಎಲ್ಲ ಒಳ್ಳೆಯವೇ. ಆದರೆ ಇವು ಮುಖ್ಯವಾಗಿ ಆಸ್ಪತ್ರೆ ಚಿಕಿತ್ಸೆ, ಆಪರೇಷನ್‌ಗಳಿಗೆ. ಚೀಟಿ ಹಿಡಿದುಕೊಂಡು ಮೆಡಿಕಲ್ ಶಾಪಿನಲ್ಲಿ ತರುವ ಸ್ಪ್ರೇಗಲ್ಲ.

ಖಾಸಗಿ ಆರೋಗ್ಯ ವಿಮೆ? ಅದೂ ಬಹುಮಟ್ಟಿಗೆ ಹಾಗೇ. ಆಸ್ಪತ್ರೆಗೆ ಸೇರಿದರೆ ಮಾತ್ರ ಸೇರುವ ಮುಂಚಿನ, ಬಿಟ್ಟ ನಂತರದ ಕೆಲವು ದಿನಗಳ ಔಷಧ ಖರ್ಚು ಸಿಗುತ್ತೆ. ಸೀನಿದ್ದಕ್ಕೆ ಯಾರೂ ಅಡ್ಮಿಟ್ ಮಾಡಿಕೊಳ್ಳೋದಿಲ್ಲವಲ್ಲ! ಕೆಲವು ಪಾಲಿಸಿಗಳಲ್ಲಿ ಹೆಚ್ಚಿನ ಕಂತು ಕಟ್ಟಿದರೆ ಹೊರರೋಗಿ ಖರ್ಚು, ಅಂದರೆ ಒಪಿಡಿ ಸೌಲಭ್ಯ ಸಿಗುತ್ತೆ. ಏಜೆಂಟರು ಅದನ್ನು ಹೇಳಿದಾಗ ಸುಮ್ಮನೆ ತಲೆಯಾಡಿಸಬೇಡಿ. ಮನೆಯವರೆಲ್ಲರ ವರ್ಷದ ಮಾತ್ರೆ, ಸ್ಪ್ರೇ, ಡಾಕ್ಟರ್ ಫೀಸಿನ ಬಿಲ್ಲುಗಳನ್ನು ಕೂಡಿ. ಹೆಚ್ಚುವರಿ ಕಂತು ಅದಕ್ಕಿಂತ ಜಾಸ್ತಿ ಇದ್ದರೆ ಆ ಸೌಲಭ್ಯ ಯಾಕೆ? ಅಲರ್ಜಿ ಮೊದಲಿನಿಂದಲೇ ಇದ್ದರೆ ಅದಕ್ಕೆ ಎಷ್ಟು ಕಾಲ ಕಾಯಬೇಕು ಅನ್ನೋದನ್ನೂ ಬರಹದಲ್ಲೇ ಕೇಳಿ. ಒಂದು ಸಮಾಧಾನ ಅಂದರೆ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ 18 ಜಿಎಸ್‌ಟಿ ತೆಗೆದುಹಾಕಿದ್ದಾರೆ.

ಮನೆಯಲ್ಲಿ ಯಾರಾದರೂ ಇಎಸ್‌ಐ ವ್ಯಾಪ್ತಿಯ ಕೆಲಸದಲ್ಲಿದ್ದರೆ, ರೈಲ್ವೆಯಲ್ಲಿದ್ದರೆ ಮಾತ್ರ ಲೆಕ್ಕ ಬದಲಾಗುತ್ತೆ. ಬೀರೂರು, ಕಡೂರಿನ ಕಡೆ ರೈಲ್ವೆ ಕುಟುಂಬಗಳು ಎಷ್ಟಿಲ್ಲ! ಆ ವ್ಯವಸ್ಥೆಗಳಲ್ಲಿ ಹೊರರೋಗಿಗಳಿಗೂ ಔಷಧ ಕೊಡುತ್ತಾರೆ, ಹೆಂಡತಿಗೂ ಅದರ ಹಕ್ಕಿದೆ. "ಅವರ ಕಾರ್ಡು" ಅಂತ ಸುಮ್ಮನಿರಬೇಡಿ. ನಿಮ್ಮ ಹೆಸರೂ ಅದರಲ್ಲಿ ಸೇರಿದೆಯಾ ನೋಡಿಕೊಳ್ಳಿ.

ಉಳಿದವರಿಗೆ? ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದರೆ ಅಲ್ಲಿ ದಾಸ್ತಾನಿರುವ ಔಷಧ ಉಚಿತ. ಮೊದಲು ಅಲ್ಲಿ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಇಲ್ಲದಿದ್ದರೆ ಖರ್ಚು ನಮ್ಮದೇ. ನಮ್ಮ ಪಾಲಿಗೆ ಇನ್ಶೂರೆನ್ಸ್ ಪಟ್ಟಿ ಅಂದರೆ ಸಾಸಿವೆ ಡಬ್ಬಿಯೇ ಅನ್ನಿ!

ಬೆಲೆ ಯಾರ ಕೈಯಲ್ಲಿ?

ಎಲ್ಲ ಔಷಧಕ್ಕೂ ಸರ್ಕಾರ ಬೆಲೆ ಕಟ್ಟುವುದಿಲ್ಲ. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿ ಅಂತ ಒಂದಿದೆ. ಅದರಲ್ಲಿರುವ ಔಷಧಕ್ಕೆ ಗರಿಷ್ಠ ಬೆಲೆ ನಿಗದಿಯಾಗುತ್ತೆ, ಅದನ್ನು ಮೀರಿ ಮಾರುವಂತಿಲ್ಲ. ಮೂಗಿನ ಅಲರ್ಜಿಯ ಸ್ಪ್ರೇಗಳಲ್ಲಿ ಬುಡೆಸೊನೈಡ್ ಈ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ಇಲ್ಲದ ಔಷಧಕ್ಕೆ ಕಂಪನಿಯೇ ಬೆಲೆ ಹಾಕುತ್ತೆ. 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದು, ಅಷ್ಟೆ. ಅಂದರೆ "ಪಟ್ಟಿಯಲ್ಲಿರೋ ಸ್ಪ್ರೇ ನನಗೆ ಆಗುತ್ತಾ ಡಾಕ್ಟ್ರೇ?" ಅನ್ನೋ ಒಂದು ಪ್ರಶ್ನೆಗೂ ಬೆಲೆ ಇದೆ. ಯಾವುದು ಆಗುತ್ತೆ ಅಂತ ತೀರ್ಮಾನಿಸೋದು ಅವರೇ, ಕೇಳೋದು ನಾವು.

ಔಷಧದ ಮೇಲಿನ ಜಿಎಸ್‌ಟಿ ಕೂಡ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಮೂಲ ಬೆಲೆ ಬದಲಾಗದಿದ್ದರೆ 400 ರೂಪಾಯಿಯ ಬಾಟಲಿ 375 ಆಗಬೇಕು. ಅನುಮಾನವಿದ್ದರೆ ಔಷಧ ಬೆಲೆ ಪ್ರಾಧಿಕಾರದ 'ಫಾರ್ಮಾ ಸಹಿ ದಾಮ್' ಆ್ಯಪ್‌ನಲ್ಲಿ ಹೆಸರು ಹಾಕಿ ನೋಡಬಹುದು. ಮೊಬೈಲಿನಲ್ಲಿ ಸೀರೆ ಬೆಲೆ ನೋಡುವಷ್ಟೇ ಸುಲಭ.

ಇನ್ನು ಜನೌಷಧಿ. ಕೇಂದ್ರ ಸರ್ಕಾರದ ಈ ಯೋಜನೆ 2008ರಲ್ಲಿ ಶುರುವಾದದ್ದು. ಬ್ರಾಂಡ್ ಹೆಸರಿನ ಹಂಗಿಲ್ಲದೆ ಮೂಲ ಹೆಸರಲ್ಲೇ ಮಾರುವುದರಿಂದ ಬೆಲೆ ಅರ್ಧಕ್ಕೂ ಕಡಿಮೆ. ದೇಶದಲ್ಲಿ ಕೇಂದ್ರಗಳ ಸಂಖ್ಯೆ 2025ರ ಹೊತ್ತಿಗೆ 15 ಸಾವಿರ ಮುಟ್ಟಿತು. ನಮ್ಮ ರಾಜ್ಯದಲ್ಲಿ ಆ ವರ್ಷವೇ ಅದರ ಸುತ್ತ ದೊಡ್ಡ ಜಗಳವೂ ಆಯಿತು. ಸರ್ಕಾರಿ ಆಸ್ಪತ್ರೆ ಆವರಣದೊಳಗಿನ ಜನೌಷಧಿ ಕೇಂದ್ರಗಳನ್ನು ಮುಚ್ಚಬೇಕೆಂದು ರಾಜ್ಯ ಸರ್ಕಾರ ಮೇ ತಿಂಗಳಲ್ಲಿ ಆದೇಶಿಸಿತು. ಸರ್ಕಾರದ ವಾದ ಏನೆಂದರೆ, ಆಸ್ಪತ್ರೆಯೇ ಔಷಧವನ್ನು ಉಚಿತವಾಗಿ ಕೊಡಬೇಕಾದಾಗ ಬಾಗಿಲಲ್ಲೇ ಮಾರುವ ಅಂಗಡಿ ಯಾಕೆ? ಕೇಂದ್ರ ನಡೆಸುವವರು ಕೋರ್ಟಿಗೆ ಹೋದರು. ಹೈಕೋರ್ಟಿನ ಧಾರವಾಡ ಪೀಠ ಜುಲೈನಲ್ಲಿ ಆದೇಶಕ್ಕೆ ತಡೆ ನೀಡಿತು. ಆವರಣದ ಹೊರಗಿನ ಕೇಂದ್ರಗಳಿಗೆ ಆ ಆದೇಶದ ಬಿಸಿ ತಟ್ಟಿರಲಿಲ್ಲ.

ಸರ್ಕಾರದ ವಾದದಲ್ಲಿ ಸತ್ಯವಿದೆ. ಉಚಿತವಾಗಿ ಸಿಕ್ಕರೆ ಯಾರು ತಾನೇ ಬೇಡ ಅಂತಾರೆ? ಆದರೆ ಒಳಗೆ "ದಾಸ್ತಾನಿಲ್ಲ" ಅಂತ ಕೈಚೆಲ್ಲಿದ ದಿನ, ಹೊರಗೆ ಬಂದ ಹೆಂಗಸಿಗೆ ಕೈಗೆಟಕುವ ಬೆಲೆಯ ಅಂಗಡಿಯೊಂದು ಬೇಕೇ ಬೇಕಲ್ಲ! ಉಚಿತವೂ ಇರಲಿ, ಅಗ್ಗವೂ ಇರಲಿ. ಎರಡರ ಜಗಳದಲ್ಲಿ ಎರಡೂ ತಪ್ಪಿ, ಎಂಆರ್‌ಪಿ ಕೊಟ್ಟು ಬರುವ ಸ್ಥಿತಿ ಮಾತ್ರ ಬೇಡ. ಹತ್ತಿರದ ಕೇಂದ್ರ ಎಲ್ಲಿದೆ, ನಿಮ್ಮ ಔಷಧ ಪಟ್ಟಿಯಲ್ಲಿದೆಯೇ ಅನ್ನೋದು 'ಜನೌಷಧಿ ಸುಗಮ್' ಆ್ಯಪ್‌ನಲ್ಲಿ ಸಿಗುತ್ತೆ. ಹೋಗುವ ಮುಂಚೆ ಒಂದು ಫೋನ್ ಮಾಡಿ. ಬಸ್ ಚಾರ್ಜ್ ದಂಡವಾಗಬಾರದು.

ಅಗ್ಗದ್ದು ಕಳಪೆಯಲ್ಲವೇ?

ಈ ಪ್ರಶ್ನೆ ಬಂದೇ ಬರುತ್ತೆ. ಬರಬೇಕು ಕೂಡ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ಐವಿ ದ್ರಾವಣದ ಗುಣಮಟ್ಟದ ಬಗ್ಗೆಯೇ ಪ್ರಶ್ನೆ ಎದ್ದಿತು. ಆ ಸುದ್ದಿ ಓದಿದ ಯಾವ ಹೆಂಗಸಿಗೂ ಔಷಧ ಅಂದರೆ ಎದೆ ಝಲ್ ಅನ್ನದೆ ಇರದು.

ಆದರೆ ಒಂದು ಮಾತು. ಅದು ಅಗ್ಗ–ದುಬಾರಿಯ ಪ್ರಶ್ನೆಯಲ್ಲ, ತಪಾಸಣೆಯ ಪ್ರಶ್ನೆ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಗುಣಮಟ್ಟ ತಪ್ಪಿದ ಔಷಧಗಳ ಪಟ್ಟಿಯನ್ನು ತಿಂಗಳು ತಿಂಗಳು ಪ್ರಕಟಿಸುತ್ತೆ. ಅದರಲ್ಲಿ ಹೆಸರಾಂತ ಬ್ರಾಂಡುಗಳೂ ಕಾಣಿಸಿಕೊಂಡಿವೆ. ಹೆಚ್ಚು ದುಡ್ಡು ಕೊಟ್ಟ ಮಾತ್ರಕ್ಕೆ ಭರವಸೆ ಬರೋದಿಲ್ಲ. ನಮ್ಮ ಕೈಲಿರೋದಿಷ್ಟು: ಬಿಲ್ ಇಲ್ಲದೆ ಔಷಧ ತರಬೇಡಿ, ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇದೆಯಾ ನೋಡಿ, ಸೀಲ್ ಒಡೆದ ಬಾಟಲಿ ಮುಟ್ಟಬೇಡಿ. ಹೊಸ ಕಂಪನಿಯ ಸ್ಪ್ರೇಗೆ ಬದಲಾದ ಮೇಲೆ ಎರಡು ವಾರದಲ್ಲಿ ಮೊದಲಿನಷ್ಟು ಗುಣ ಕಾಣದಿದ್ದರೆ ಡಾಕ್ಟರಿಗೆ ಹೇಳಿ. ನೀವು ಹೇಳದಿದ್ದರೆ ಯಾರಿಗೂ ತಿಳಿಯೋದಿಲ್ಲ.

ಬೆಲೆ ನೋಡಬೇಡಿ, ಪಫ್ ಎಣಿಸಿ

ಎಣ್ಣೆ ಕೊಳ್ಳುವಾಗ ಪ್ಯಾಕೆಟಿನ ತೂಕ ನೋಡ್ತೀವಲ್ಲ, ಸ್ಪ್ರೇಗೂ ಅದೇ ಜಾಣತನ. ಬಾಟಲಿಯ ಮೇಲೆ ಎಷ್ಟು ಪಫ್ ಅಂತ ಬರೆದಿರುತ್ತೆ. ಒಂದು ಬಾಟಲಿಗೆ 300 ರೂಪಾಯಿ, 60 ಪಫ್ ಅಂದುಕೊಳ್ಳಿ. ಪಫ್‌ಗೆ 5 ರೂಪಾಯಿ ಆಯಿತು. ಅದೇ ಔಷಧದ ಇನ್ನೊಂದು ಬಾಟಲಿಗೆ 420 ರೂಪಾಯಿ, 140 ಪಫ್. ಪಫ್‌ಗೆ 3 ರೂಪಾಯಿ. ದಿನಕ್ಕೆ 4 ಪಫ್ ಬೇಕಾದರೆ ತಿಂಗಳಿಗೆ ಮೊದಲನೆಯದರಲ್ಲಿ 600, ಎರಡನೆಯದರಲ್ಲಿ 360. ದುಬಾರಿ ಅಂತ ಕಂಡದ್ದೇ ಅಗ್ಗ!

ಗುಣ ಕಂಡ ಮೇಲೆ ಪಫ್ ಕಡಿಮೆ ಮಾಡಬಹುದಾ ಅಂತ ಡಾಕ್ಟರನ್ನು ಕೇಳಿ. ನಾಲ್ಕು ಎರಡಾದರೆ ಖರ್ಚೂ ಅರ್ಧ. ಆದರೆ ನೀವೇ ಕಡಿಮೆ ಮಾಡಬೇಡಿ. ಅಗ್ಗ ಅಂತ ನಾಲ್ಕು ಬಾಟಲಿ ತಂದಿಡಲೂ ಬೇಡಿ. ತೆರೆದ ಮೇಲೆ ಎಷ್ಟು ದಿನ ಬಳಸಬಹುದು ಅಂತ ಲೇಬಲ್ಲಿನಲ್ಲಿರುತ್ತೆ. ಒಂದೇ ಬಾಟಲಿಯನ್ನು ಮನೆಮಂದಿಯೆಲ್ಲ ಹಂಚಿಕೊಳ್ಳೋದಂತೂ ಕೂಡದು.

ಆ ಅಗ್ಗದ ಹನಿಯ ಕತೆ

ಅತ್ತಿಗೆಯ ಮೂರನೇ ಲೆಕ್ಕವೇ ಎಲ್ಲಕ್ಕಿಂತ ಅಪಾಯದ್ದು. ಬಿಟ್ಟ ತಕ್ಷಣ ಮೂಗು ತೆರೆಯುವ ಹನಿಗಳಲ್ಲಿ ಕ್ಸೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್ ಎಂಬ ಔಷಧವಿರುತ್ತೆ. ಮೂಗಿನ ಊದಿದ ರಕ್ತನಾಳಗಳನ್ನು ಅದು ತಕ್ಷಣ ಕುಗ್ಗಿಸುತ್ತೆ. ಅಲರ್ಜಿಯ ಮೂಲಕ್ಕೆ ಹೋಗೋದಿಲ್ಲ. ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬಳಸಿದರೆ ಉಲ್ಟಾ ಹೊಡೆಯುತ್ತೆ. ಹನಿಯ ಪ್ರಭಾವ ಇಳಿದ ಕೂಡಲೇ ಮೂಗು ಇನ್ನಷ್ಟು ಕಟ್ಟುತ್ತೆ, ಮತ್ತೆ ಹನಿ ಬೇಕು, ಮತ್ತೆ ಕಟ್ಟುತ್ತೆ. ಬಡ್ಡಿ ಕಟ್ಟಲು ಸಾಲ ಮಾಡಿದ ಹಾಗೆ! ಬಿ.ಪಿ. ಇರುವವರಿಗಂತೂ ಕೇಳದೆ ಬಳಸೋದು ತರವಲ್ಲ.

ಡಾಕ್ಟರು ಬರೆಯುವ ಅಲರ್ಜಿ ಸ್ಪ್ರೇ ಇದಕ್ಕೆ ವಿರುದ್ಧ. ಮೊದಲ ದಿನವೇ ಪವಾಡ ತೋರಿಸೋದಿಲ್ಲ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. "ಏನೂ ಆಗಲಿಲ್ಲ" ಅಂತ ನಾಲ್ಕನೇ ದಿನಕ್ಕೆ ಬಿಟ್ಟವರೇ ಹೆಚ್ಚು. "ಅಯ್ಯೋ, ಅದರಲ್ಲಿ ಸ್ಟೀರಾಯ್ಡ್ ಇದೆಯಂತೆ" ಅಂತ ಹೆದರುವವರೂ ಇದ್ದಾರೆ. ಇದೆ ನಿಜ. ಆದರೆ ಮೈಕ್ರೋಗ್ರಾಂ ಲೆಕ್ಕದಲ್ಲಿ, ಮೂಗಿನೊಳಗೆ. ನುಂಗುವ ಸ್ಟೀರಾಯ್ಡ್ ಮಾತ್ರೆಗೂ ಇದಕ್ಕೂ ಅಜಗಜಾಂತರ. ಹಾಗಂತ ಎಚ್ಚರಿಕೆ ಬೇಡವೆಂದಲ್ಲ. ಗರ್ಭಿಣಿಯರು, ಮಕ್ಕಳು, ಗ್ಲಾಕೋಮಾ ಇರುವವರು ಡಾಕ್ಟರಿಗೆ ಹೇಳಿಯೇ ಬಳಸಬೇಕು. ಮೂಗಿನಲ್ಲಿ ರಕ್ತ ಬಂದರೆ ನಿಲ್ಲಿಸಿ ತೋರಿಸಬೇಕು.

ಹಾಕಿಕೊಳ್ಳುವ ರೀತಿಯೂ ಮುಖ್ಯ. ಬಾಟಲಿ ಅಲ್ಲಾಡಿಸಿ, ಮೂಗು ಸೀಟಿ, ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ತುದಿ ಮೂಗಿನ ನಡುಗೋಡೆಯ ಕಡೆಗಲ್ಲ, ಹೊರಗೆ ಕಣ್ಣಿನ ಕಡೆಗಿರಲಿ. ಜೋರಾಗಿ ಎಳೆದುಕೊಂಡರೆ ಔಷಧ ಗಂಟಲಿಗೆ ಹೋಗುತ್ತೆ, ದುಡ್ಡೂ ಅದರ ಜತೆಗೇ.

ಚೀಟಿ ಬರೆಯುವ ಮೂರು ನಿಮಿಷ

ಇಷ್ಟೆಲ್ಲ ಲೆಕ್ಕ ನಿಂತಿರೋದು ಒಂದು ಚೀಟಿಯ ಮೇಲೆ. ಯಾಕೆ ಗೊತ್ತಾ? ಚೀಟಿಯಲ್ಲಿ ಬ್ರಾಂಡ್ ಹೆಸರಿದ್ದರೆ ಔಷಧ ನಿಯಮದ ಪ್ರಕಾರ ಅಂಗಡಿಯವರು ತಾವಾಗಿ ಬೇರೆ ಕಂಪನಿಯದ್ದು ಕೊಡುವಂತಿಲ್ಲ. ಡಾಕ್ಟರು ಔಷಧದ ಮೂಲ ಹೆಸರನ್ನು ಓದುವಂತೆ ಬರೆಯಬೇಕೆಂದು 2016ರಲ್ಲೇ ವೈದ್ಯಕೀಯ ಮಂಡಳಿ ನಿಯಮ ಮಾಡಿತ್ತು. 2023ರ ಆಗಸ್ಟ್‌ನಲ್ಲಿ ಇನ್ನಷ್ಟು ಬಿಗಿಯಾದ ನಿಯಮ ಬಂದು, ವೈದ್ಯರ ವಿರೋಧದಿಂದ ಅದೇ ತಿಂಗಳು ತಡೆಹಿಡಿಯಲ್ಪಟ್ಟಿತು. ಕಾನೂನಿನ ಹಗ್ಗಜಗ್ಗಾಟ ಏನೇ ಇರಲಿ, ಕೇಳಲು ನಮಗೆ ಯಾರ ತಡೆಯೂ ಇಲ್ಲ. ಮುಂದಿನ ಸಲ ಕುರ್ಚಿಯಿಂದ ಏಳುವ ಮುಂಚೆ ಇಷ್ಟು ಕೇಳಿ:

* ಡಾಕ್ಟ್ರೇ, ಔಷಧದ ಮೂಲ ಹೆಸರು, ಪ್ರಮಾಣ ದೊಡ್ಡಕ್ಷರದಲ್ಲಿ ಬರೀತೀರಾ? (ಫ್ಲೂಟಿಕಸೋನ್‌ನಲ್ಲಿ ಪ್ರೊಪಿಯೊನೇಟ್, ಫ್ಯೂರೊಯೇಟ್ ಎಂಬ ಎರಡು ಬಗೆ ಇವೆ. ಪ್ರಮಾಣ ಬೇರೆ ಬೇರೆ, ಅದಲು ಬದಲು ಮಾಡುವಂತಿಲ್ಲ.)
* ಜನೌಷಧಿಯದ್ದು ತಗೋಬಹುದಾ?
* ಜೋಡಿ ಔಷಧವೇ ಬೇಕಾ, ಒಂಟಿಯದ್ದು ಸಾಕಾ?
* ದಿನಕ್ಕೆ ಎಷ್ಟು ಪಫ್, ಎಷ್ಟು ದಿನ? ಯಾವಾಗ ಕಡಿಮೆ ಮಾಡಬಹುದು?
* ನನಗೆ ಇಂಥ ತಿಂಗಳಲ್ಲೇ ಜಾಸ್ತಿ. ಎರಡು ವಾರ ಮೊದಲೇ ಶುರು ಮಾಡಲೇ?

ಕೊನೆಯ ಪ್ರಶ್ನೆಗಾಗಿ ಕ್ಯಾಲೆಂಡರಿನಲ್ಲಿ ಸೀನಿನ ದಿನಗಳಿಗೆ ಒಂದು ಚುಕ್ಕಿ ಇಡುತ್ತಾ ಬನ್ನಿ. ಹಾಲಿನವನ ಲೆಕ್ಕ ಬರೆಯುವ ಜಾಗದಲ್ಲೇ ಸಾಕು. ಒಂದು ವರ್ಷದಲ್ಲಿ ನಿಮ್ಮ ಮೂಗಿನ ಪಂಚಾಂಗ ಸಿದ್ಧ. ಚುಕ್ಕಿ ಹಬ್ಬದ ಶುಚಿಯ ವಾರದಲ್ಲೇ ಬೀಳುತ್ತಿದ್ದರೆ ಅಟ್ಟದ ಕೆಲಸವನ್ನು ಮನೆಯವರಿಗೆ ಒಪ್ಪಿಸಿ. ಅವರ ಮೂಗೂ ಸ್ವಲ್ಪ ಧೂಳು ಕಾಣಲಿ!

ಅತ್ತಿಗೆಗೆ ಇದನ್ನೆಲ್ಲ ಹೇಳಿದೆ. ಡಾಕ್ಟರ ಬಳಿ ಹೋಗಿ ಮೂಲ ಹೆಸರು ಬರೆಸಿಕೊಂಡು ಬಂದರು. ಹನಿ ಬಿಟ್ಟ ಮೊದಲ ವಾರ ಮೂಗು ಕಟ್ಟಿ ಬಹಳ ಕಷ್ಟಪಟ್ಟರು. ಮೂರನೇ ವಾರ ಫೋನ್ ಮಾಡಿದಾಗ ಮಾತಿನ ಮಧ್ಯೆ ಒಂದೇ ಒಂದು ಸೀನಿರಲಿಲ್ಲ. "ರಾತ್ರಿ ಪೂರ್ತಿ ಮಲಗಿದ್ದೆ ಕಣೇ. ಹೀಗೆ ನಿದ್ದೆ ಮಾಡಿ ಎಷ್ಟು ವರ್ಷ ಆಗಿತ್ತೋ" ಅಂದರು. ಆ ಮಾತು ಕೇಳಿ ಖುಷಿಗಿಂತ ಬೇಜಾರೇ ಹೆಚ್ಚಾಯಿತು. ಅಷ್ಟು ವರ್ಷ ಅವರು ಉಳಿಸಿದ್ದು ಎಷ್ಟು ರೂಪಾಯಿ? ಕಳೆದುಕೊಂಡದ್ದು ಎಷ್ಟು ರಾತ್ರಿ?

ಮುಂದಿನ ತಿಂಗಳ ದಿನಸಿ ಚೀಟಿ ಬರೆಯುವಾಗ, ಬೇಳೆ, ಬೆಲ್ಲ, ಸೋಪಿನಪುಡಿಯ ಕೆಳಗೆ ಇನ್ನೊಂದು ಸಾಲು ಸೇರಿಸಿ. "ನನ್ನ ಔಷಧ" ಅಂತ. ಏನಂತೀರಾ?